ಮೂಡ್ ಅಂದರೆ ಮೂಡೇ

ಅಂಗಳದಲ್ಲಿ ಮೀನು ಒಣ ಹಾಕಿದರೆ ಕಾಗೆಗಳಿಗೆ ಹಬ್ಬ. ಅದಕ್ಕೇ ನಾನು ಕೋಲು ನೆಟ್ಟು, ದಾರ ಕಟ್ಟಿ, ದಾರದ ಉದ್ದಕ್ಕೂ ಹಳೇ ಸೀಡಿಗಳನ್ನು ನೇತು ಹಾಕಿದ್ದೇನೆ. ಗಾಳಿಗೆ ತಿರುಗಿ ಬಿಸಿಲಿಗೆ ಹೊಳೆದರೆ ಕಾಗೆ ಹೆದರುತ್ತದೆ ಅಂತ ಯಾರೋ ಬುದ್ಧಿವಂತರು ಹೇಳಿದ್ದು. ನಮ್ಮ ಕೋಡಿ ಊರಿನ ಕಾಗೆಗಳು ಹೆದರುವುದು ಅಷ್ಟರಲ್ಲೇ ಇದೆ. ದಾರದ ಮೇಲೆಯೇ ಕೂತು, ಸೀಡಿಯಲ್ಲಿ ಮುಖ ನೋಡಿಕೊಂಡು, ಶೃಂಗಾರ ಮುಗಿಸಿ ಆಮೇಲೆ ಮೀನಿಗೆ ಇಳಿಯುತ್ತವೆ.

ಮೊನ್ನೆ ದಾರ ತುಂಡಾಗಿ ಮತ್ತೆ ಕಟ್ಟುತ್ತಿದ್ದೆ. ಒಂದು ಸೀಡಿ ಕೈಗೆ ಬಂತು. ಬಣ್ಣವೆಲ್ಲ ಹೋಗಿ ಮೂಗೊಂದು ಉಳಿದಿದೆ, ಗಿಳಿಯ ಹಾಗೆ ಬಾಗಿದ ಮೂಗು. "ಹೋ, ನೀನಾ ಮಾರಾಯಾ!" ಅಂದೆ. ಒಬ್ಬಳೇ ನಿಂತು ನಗಲಿಕ್ಕೆ ಶುರು ಮಾಡಿದೆ. ಪಕ್ಕದ ಮನೆಯ ಪದ್ದಕ್ಕ ಬೇಲಿಯ ಮೇಲಿಂದ ಇಣುಕಿ, "ಎಂತ ಗಿರಿಜಾ, ಕಾಗಿ ಒಟ್ಟಿಗ್ ನೆಗಾಡುಕ್ ಸುರು ಮಾಡ್ದ್ಯಾ?" ಅಂದಳು. ನಗು ಬಂದರೆ ಕಾಗೆಯ ಒಟ್ಟಿಗೂ ನಗುತ್ತೇನೆ. ಈಗ ನನ್ನನ್ನು ಕೇಳುವವರು ಯಾರು?

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಓರೆಯಾಗಿರಬಹುದು, ಹೇಳುವುದನ್ನು ಮಾತ್ರ ನೆಟ್ಟಗೆ ಹೇಳುತ್ತೇನೆ. ಆ ಸೀಡಿ ನಮ್ಮ ಮನೆಗೆ ಬಂದದ್ದು ಮುಂಬಯಿಯ ಹೋಟೆಲಿನಲ್ಲಿದ್ದ ನನ್ನ ತಮ್ಮನಿಂದ. ಒಂದು ಮಳೆಗಾಲ ಊರಿಗೆ ಬಂದವನು, ಸೀಡಿ ಹಾಕುವ ಪೆಟ್ಟಿಗೆಯನ್ನೂ ಒಂದು ಚೀಲ ಸಿನಿಮಾವನ್ನೂ ಬಿಟ್ಟು ಹೋದ. ಚೀಲದ ತುಂಬ ಹೊಡೆದಾಟದವು. ಒಬ್ಬ ಹತ್ತಿಪ್ಪತ್ತು ಜನರನ್ನು ಗಾಳಿಗೆ ಎಸೆಯುವಂಥವು. ಅದರ ನಡುವೆ ಈ ಒಂದು, ಬಿಳಿ ಜನರ ನಗೆ ಸಿನಿಮಾ.

ಅವರ ಭಾಷೆ ನಮಗೆ ಒಂದಕ್ಷರ ತಿಳಿಯದು. ಕಥೆ ಮಾತ್ರ ಕಣ್ಣಿಗೇ ತಿಳಿಯುತ್ತಿತ್ತು. ಒಂದು ಊರಿಗೆ ಕಾವಲಿಗೆ ಜನ ಬೇಕು. ಗಟ್ಟಿ ಆಳುಗಳೆಲ್ಲ ಬೇರೆ ಕಡೆ ಹೋಗಿಯಾಗಿದೆ. ಉಳಿದವರನ್ನೇ ಒಟ್ಟು ಹಾಕಿ ಗಿಳಿಮೂಗಿನ ಸಾಹೇಬನೊಬ್ಬ ಕವಾಯತು ಕಲಿಸುತ್ತಾನೆ. ಉಳಿದವರೆಂದರೆ ಎಂಥವರು? ಒಬ್ಬನ ಚಡ್ಡಿ ನಿಲ್ಲುವುದಿಲ್ಲ. ಸಲಾಮು ಹೊಡೆದರೆ ಚಡ್ಡಿ ಇಲ್ಲ, ಚಡ್ಡಿ ಹಿಡಿದರೆ ಸಲಾಮಿಲ್ಲ. ಇನ್ನೊಬ್ಬ ನಿಂತಲ್ಲೇ ನಿದ್ದೆ ಮಾಡುವವ. ಒಬ್ಬ ಹೆಂಗಸಿಗೆ ಕೋವಿ ಎತ್ತಿದ ಕೂಡಲೇ ಸೀನು. ಒಬ್ಬ ಮುದುಕನಿಗೆ ಕಿವಿ ಕೇಳುವುದಿಲ್ಲ. ನಿಲ್ಲಿ ಅಂದದ್ದು ತಿಳಿಯದೆ ಒಬ್ಬನೇ ನಡೆಯುತ್ತಾ ಹೋಗಿ ಕೆರೆಗೆ ಬೀಳುತ್ತಾನೆ.

ನನ್ನ ಮಗಳು ಗೇರುಬೀಜದ ಕಾರ್ಖಾನೆಗೆ ಹೋಗುವವಳು. ಅವಳ ಮಗಳು ಸುಮಿ ಹಗಲೆಲ್ಲ ನನ್ನ ಬೆನ್ನಿಗೇ. ಆಗ ಅವಳಿನ್ನೂ ಸಣ್ಣವಳು. "ಅಮ್ಮಮ್ಮ, ಅವ್ರ್ ಎಂತ ಹೇಳ್ತ್ರ್?" ಅಂತ ಕೇಳುವಳು. ಗೊತ್ತಿಲ್ಲ ಅನ್ನುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಸಾಹೇಬ ಬಾಯಿ ತೆರೆದ ಕೂಡಲೇ ನಾನು ಬೋಟು ನಡೆಸುವ ತಂಡೇಲನ ಗಂಟಲು ಮಾಡಿ, "ಹ್ವಾಯ್, ನಿನ್ನ್ ಚಡ್ಡಿಗ್ ಲಾಡಿ ಇಲ್ಯಾ? ಲಾಡಿ ಕಟ್ಟುಕ್ ಬಾರದವ ಊರ್ ಹ್ಯಾಂಗ್ ಕಾಯ್ತೆ?" ಅಂತ ಗದರುವುದು. ಚಡ್ಡಿಯವನು ಏನೋ ಗೊಣಗಿದರೆ, "ಲಾಡಿ ಇತ್ತ್ ಸಾಯ್ಬ್ರೆ, ಹೊಟ್ಟಿಯೇ ಇಲ್ಲೆ" ಅನ್ನುವುದು. ಸೀನುವ ಹೆಂಗಸಿಗೆ ಪದ್ದಕ್ಕನ ಸ್ವರ. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದವು. ಸಿನಿಮಾದ ಸ್ವರ ಪೂರ್ತಿ ತಗ್ಗಿಸಿ ನನ್ನ ಸ್ವರದಲ್ಲೇ ಆಟ. ಪ್ರತಿ ಸಲ ಮಾತು ಬೇರೆ, ಆದ್ದರಿಂದ ಪ್ರತಿ ಸಲ ಸಿನಿಮಾವೂ ಹೊಸತು.

ಪದ್ದಕ್ಕನಿಗೆ ಇದು ಸೇರದು. ಅವಳ ಸ್ವರ ಹಾಕಿದ್ದಕ್ಕಲ್ಲ, ಅದು ಅವಳಿಗೆ ಗೊತ್ತೇ ಆಗಿಲ್ಲ. "ಮಕ್ಳ್ ತಲಿ ಎಂತಕ್ ಹಾಳ್ ಮಾಡ್ತೆ? ಕೈಲಾಗ್ದವ್ರ್ ಕಥಿ ಕಂಡ್ರೆ ಮಕ್ಳೂ ಹಾಂಗೇ ಆಪುದ್" ಅನ್ನುವಳು.

"ಶೂರರಿಗೆ ಚೀಲ ತುಂಬ ಸಿನಿಮಾ ಇತ್ತ್. ಕೈಲಾಗ್ದವ್ರಿಗೂ ಒಂದ್ ಬ್ಯಾಡ್ದಾ?" ಅಂದೆ. ಈಗಲೂ ಅದೇ ಮಾತು. ನನ್ನ ಮಾತು ನಾನು ಹಿಂದೆ ತೆಗೆದುಕೊಂಡವಳಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಎಡ, ಬಲ ಅಂತ ಪುಸ್ತಕದಲ್ಲಿದೆಯಲ್ಲ, ಅದು ನಮ್ಮ ಮನೆಯೊಳಗೆ ಬಂದದ್ದೇ ಇಲ್ಲ. ನಮಗೆ ಪಡುವಿನಲ್ಲಿ ಸಮುದ್ರ, ಮೂಡಿನಲ್ಲಿ ಘಟ್ಟ. ತೆಂಕು, ಬಡಗು ಆಚೀಚೆ. ಕಣ್ಣು ಮುಚ್ಚಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೂ ಪಡು ಯಾವುದು ಅಂತ ಹೇಳುತ್ತೇವೆ. "ಉಪ್ಪಿನ್ ಡಬ್ಬಿ ಬಡ್ಗ್ ಬದಿಗ್ ಸರ್ಸ್" ಅಂತಲೇ ಅಡಿಗೆಮನೆಯಲ್ಲಿ ಮಾತು. ಒಂದು ಸಲ ಊಟಕ್ಕೆ ಕೂತಾಗ ಸುಮಿಗೆ, "ನಿನ್ನ್ ತೆಂಕ್ ಬದಿ ಕೆನ್ನಿಗ್ ಅನ್ನ ಹತ್ಕಂಡಿತ್" ಅಂದೆ. ಅವಳು ತಿರುಗಿ ಕೂತು, "ಈಗ ಬಡ್ಗ್ ಬದಿಗ್ ಬಂತಾ?" ಅಂದಳು. ಅಂಥ ಮಗು.

ಆ ಮಗು ಬೆಳೆಯಿತು. ಬೆಳೆಯಿತು ಅಂದರೆ ನಿಲ್ಲಲೇ ಇಲ್ಲ. ತಾಯಿಯನ್ನು ದಾಟಿತು, ನನ್ನ ತಮ್ಮನನ್ನು ದಾಟಿತು, ನಮ್ಮ ಬಾಗಿಲನ್ನೂ ದಾಟಿತು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು. ಗಂಡು ನೋಡುವುದು ಶುರುವಾಯಿತು. ಬಂದವರು ಕೂತಲ್ಲಿಂದ ಚಾ ಲೋಟ ತೆಗೆದುಕೊಳ್ಳುವಾಗ ಕಣ್ಣು ಮೇಲೆ, ಇನ್ನೂ ಮೇಲೆ, ಮಾಡಿನ ಹಂಚಿನವರೆಗೂ ಹೋಗುವುದು. "ಹುಡ್ಗಿ ಅಡ್ಡಿಲ್ಲೆ, ಆರೆ..." ಅನ್ನುವರು. ಆರೆ ಅಂದರೆ ಆದರೆ. ಆ 'ಆರೆ'ಯ ಆಚೆ ಏನಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಬೈಂದೂರಿನಿಂದ ಬಂದ ಒಬ್ಬನಂತೂ ನಿಂತಲ್ಲಿ ಅವಳ ಕಿವಿಯವರೆಗೂ ಬರಲಿಲ್ಲ. ಅವನ ತಾಯಿ, "ನಮ್ ಮನಿ ಮಾಡ್ ಸ್ವಲ್ಪ ತಗ್ಗ್" ಅಂದಳು. "ಮಾಡ್ ಎತ್ತರ್ಸಿ ಕಟ್ಟಿ ಮತ್ತ್ ಬನ್ನಿ" ಅಂದೆ. ಮತ್ತೆ ಬರಲಿಲ್ಲ. ಬಾರದಿದ್ದದ್ದೇ ಒಳ್ಳೇದು.

ಆದರೆ ಸುಮಿ ಬಗ್ಗಲಿಕ್ಕೆ ಕಲಿತಳು. ಮೊದಲು ಗಂಡಿನವರ ಎದುರು, ಆಮೇಲೆ ಬಸ್ಸಿನಲ್ಲಿ, ಆಮೇಲೆ ನನ್ನ ಎದುರೂ. ಭುಜ ಮುಂದೆ, ಕುತ್ತಿಗೆ ಒಳಗೆ, ಗುಬ್ಬಿಗೆ ಕೊಕ್ಕರೆಯ ಮೈ ಕೊಟ್ಟ ಹಾಗೆ. ಬಲೆಯ ಗಂಟು ಹಾಕುವ ಕೆಲಸ ಹಿಡಿದು ಜಗಲಿ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ನನಗೆ ಅವಳ ಮದುವೆಯ ಚಿಂತೆ ಇರಲಿಲ್ಲ. ಆ ಬೆನ್ನಿನದ್ದೇ ಚಿಂತೆ.

ಹೋಮ್‌ಗಾರ್ಡಿಗೆ ಜನ ಸೇರಿಸಿಕೊಳ್ಳುತ್ತಾರೆ ಅಂತ ಯಾರೋ ಹೇಳಿದರು. ನಾನೇ ದೂಡಿ ಕಳಿಸಿದೆ. ಅಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆದವರು, "ಎಂಥ ಎತ್ತರ ಮಾರಾಯ್ತಿ! ನೆಟ್ಟಗ್ ನಿಲ್ಲ್. ಇನ್ನೂ ನೆಟ್ಟಗೆ!" ಅಂದರಂತೆ. ಹುಟ್ಟಿದ ಮೇಲೆ ಅವಳ ಎತ್ತರಕ್ಕೆ ಸಿಕ್ಕಿದ ಮೊದಲ ಮರ್ಯಾದೆ. ಸಂಜೆ ಮನೆಗೆ ಬಂದವಳು ಬಾಗಿಲ ದಾರಂದಕ್ಕೆ ಧಡ್ ಅಂತ ತಲೆ ಹೊಡೆಸಿಕೊಂಡಳು. ಬಗ್ಗುವುದನ್ನೇ ಮರೆತಿದ್ದಳು! ಮಗಳು ಅರಶಿನ ಹಿಡಿದು ಓಡಿದಳು. ನಾನು ನಿಂತಲ್ಲೇ ಕೈ ಮುಗಿದೆ. ಅಂಥ ಒಳ್ಳೆಯ ಸದ್ದು ಆ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು.

ತರಬೇತಿ ಬ್ರಹ್ಮಾವರದ ಒಂದು ಶಾಲೆಯ ಬಯಲಿನಲ್ಲಿ. ಸುಮಿಯ ಅಳತೆಯ ಸಮವಸ್ತ್ರ ಇರಲಿಲ್ಲ, ದರ್ಜಿ ಹೊಲಿದು ಕೊಡುವಾಗ, ಕೂಗಿದರೆ ಏನು ಮಾಡಬೇಕು ಅಂತ ಹೇಳಿಕೊಡುವ ಮೊದಲ ಪಾಠ ತಪ್ಪಿಹೋಯಿತು. ಆ ತಪ್ಪಿದ ಪಾಠವೇ ಮುಂದೆ ತಂಟೆ ಮಾಡಿದ್ದು. ನಾನು ಯಾವಾಗಲೂ ಮೀನು ಹೊತ್ತು ಹೋಗುವುದು ತೆಕ್ಕಟ್ಟೆ ಕಡೆ. ಆ ದಿನಗಳಲ್ಲಿ ಬ್ರಹ್ಮಾವರದ ಬಸ್ಸು ಹತ್ತಿದೆ. ಬೆಳಿಗ್ಗೆಯೇ ಮೀನು ಮುಗಿಸಿ, ಖಾಲಿ ಬುಟ್ಟಿ ಇಟ್ಟುಕೊಂಡು, ಬಯಲಿನ ಮೂಡು ಬದಿಯ ಗಿಡ್ಡ ಕಾಂಪೌಂಡಿನ ಹೊರಗೆ ಗೋಳಿ ಮರದಡಿ ಕೂರುವುದು.

ಕೂತು ನೋಡುತ್ತೇನೆ, ನನ್ನ ಸಿನಿಮಾವೇ! ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ರಿಕ್ಷಾದವ. ಎಡವಿದ ಕೂಡಲೇ "ಸಾರಿ ಅಕ್ಕ" ಅಂತ ಬೂಟಿಗೇ ಹೇಳುವ ಹೊಲಿಗೆಯ ಹುಡುಗಿ. ಕಲಿಸುವವರು ಮಿಲಿಟರಿಯಲ್ಲಿದ್ದು ಬಂದ ಒಬ್ಬ ಮಾಸ್ಟ್ರು, ಘಟ್ಟದ ಮೇಲೆ ಧಾರವಾಡ ಕಡೆಯವರು. ಗಿಳಿಮೂಗು ಮಾತ್ರ ಇಲ್ಲ, ಬದಲಿಗೆ ಮೀಸೆ. ಅವರ ಅಪ್ಪಣೆಯೆಲ್ಲ ಹಿಂದಿ. ಅರ್ಥವಾಗದ ಮಾತು ಕೇಳಿದರೆ ನನ್ನ ನಾಲಿಗೆ ಸುಮ್ಮನಿರುವುದುಂಟೇ? ಮರದಡಿ ಕೂತು ಮೆಲ್ಲಗೆ ಅವರ ಬಾಯಿಗೂ ಮಾತು ಹಾಕುತ್ತಿದ್ದೆ.

ಸುಮಿ ಎಲ್ಲರಿಗಿಂತ ಉದ್ದ, ಅದಕ್ಕೆ ಮುಂದಿನ ಸಾಲಿನ ಮೊದಲು ಅವಳೇ. ನೋಡಿ ಮಾಡಲಿಕ್ಕೆ ಅವಳ ಎದುರು ಯಾರೂ ಇಲ್ಲ. ಅವಳನ್ನು ನೋಡಿ ಮಾಡಲಿಕ್ಕೆ ಹಿಂದೆ ಎಲ್ಲರೂ ಇದ್ದಾರೆ. ಮಾಸ್ಟ್ರು ಕೂಗಿದ ಕೂಡಲೇ ಸುಮಿ ಠಕ್ಕಂತ ತಿರುಗುತ್ತಾಳೆ, ಅರ್ಧ ಜನ ಇವಳ ಒಟ್ಟಿಗೆ, ಅರ್ಧ ಜನ ಮಾಸ್ಟ್ರ ಒಟ್ಟಿಗೆ, ಎದುರೆದುರು ಮುಖ ಮಾಡಿ ಮದುಮಕ್ಕಳ ಹಾಗೆ ನಿಲ್ಲುತ್ತಿದ್ದರು. ಕೆಲವು ಸಲ ಮಾತ್ರ ಎಲ್ಲ ಸರಿ ಬರುತ್ತಿತ್ತು. ಅದೇ ಮಾಸ್ಟ್ರಿಗೆ ಬಿಡಿಸಲಾಗದ ಒಗಟು.

"ಏ ಉದ್ದನ ಹುಡುಗಿ! ಆಗ ಸರಿ ತಿರಗಿದಿ, ಈಗೇನಾತು? ಎಲ್ಲಿ ನೋಡಾಕತ್ತಿ?"

ಅವಳು ನೋಡುತ್ತಿದ್ದದ್ದು ನನ್ನ ಕಡೆ. ಮಾಸ್ಟ್ರು ಅದನ್ನೇ ಹಿಡಿದರು. ಕಾಂಪೌಂಡಿನವರೆಗೆ ಬಂದು, "ಅಮ್ಮಾರ, ನೀವಿಲ್ಲಿ ಕುಂತ್ರ ಆಕಿ ನಿಮ್ ಕಡೇನ ತಿರಗತಾಳ. ಎದ್ದು ಆ ಕಡೆ ಹೋಗಿ ಕುಂಡ್ರಿ" ಅಂದರು.

"ಆತ್ ಮಾಸ್ಟ್ರೆ" ಅಂತ ಬುಟ್ಟಿ ಎತ್ತಿಕೊಂಡು ಪಡು ಬದಿಯ ಗೇಟಿನ ಹತ್ತಿರ ಹೋಗಿ ಕೂತೆ. ಮಾಸ್ಟ್ರು ಮೀಸೆ ತಿದ್ದಿ, ಈಗ ಸರಿಯಾಯಿತು ಅಂತ ಗಟ್ಟಿಯಾಗಿ ಕೂಗಿದರು. ಸುಮಿ ತಿರುಗಿದಳು. ಖಾಲಿ ಗೋಳಿ ಮರದ ಕಡೆಗೇ ತಿರುಗಿದಳು! ಮತ್ತೆ ಕೂಗಿದರು. ಅವಳು ಅಲ್ಲಾಡಲೇ ಇಲ್ಲ. ಉಳಿದವರು ಒಬ್ಬರಿಗೊಬ್ಬರು ಡಿಕ್ಕಿ. ರಿಕ್ಷಾದವನ ಬೆಲ್ಟು ಬಿಚ್ಚಿ ಬಿತ್ತು.

ಮಾಸ್ಟ್ರ ತಾಳ್ಮೆಯೂ ಬಿಚ್ಚಿತು. "ಸಾಕು! ನಾಳಿಂದ ನೀ ಬರಬ್ಯಾಡ. ನಿನ್ನಿಂದ ಇಡೀ ಸಾಲು ಹಾಳಾಗತೈತಿ. ಡ್ರೆಸ್ ತಿರುಗಿ ಕೊಟ್ಟು ಮನೀಗೆ ಹೋಗು."

ಗೇಟಿನ ಹತ್ತಿರ ಕೂತ ನನಗೆ ಸುಮಿಯ ಬೆನ್ನು ಮಾತ್ರ ಕಾಣುತ್ತಿತ್ತು. ಭುಜ ಮುಂದೆ ಬಂತು. ಕುತ್ತಿಗೆ ಒಳಗೆ ಹೋಯಿತು. ಹೊಸ ಖಾಕಿ ಅಂಗಿ ಬೆನ್ನಿನ ಹತ್ತಿರ ನೆರಿಗೆ ಬಿತ್ತು. ಇವತ್ತು ಈ ಬೆನ್ನು ಬಗ್ಗಿ ಮನೆಗೆ ಬಂದರೆ ಇನ್ನು ಏಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಏನು ಹೇಳಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಆದರೂ ಬುಟ್ಟಿ ಸೊಂಟಕ್ಕೆ ಏರಿಸಿ ಗೇಟು ದೂಡಿ ಒಳಗೆ ನಡೆದೆ. ನಡೆಯುತ್ತಾ ಇರುವಾಗ ಮಾಸ್ಟ್ರು ಉಳಿದವರಿಗೆ ಇನ್ನೊಂದು ಸಲ ಕೂಗಿದರು, ಉದ್ದಕ್ಕೆ ಎಳೆದು: "ಬಾಯೇಂ... ಮೂ...ಡ್!"

ನಾನು ನಿಂತೆ. ಅಯ್ಯೋ ದೇವರೆ, ಇಷ್ಟು ದಿನ ನಾನು ಅವರ ಮಾತಿಗೆ ನನ್ನ ಮಾತು ಹಾಕುತ್ತಾ ಕೂತು, ಅವರ ಮಾತನ್ನೇ ಕೇಳಿರಲಿಲ್ಲ. ಅವರು ಹೇಳುತ್ತಿರುವುದು ನಮ್ಮ ಮಾತೇ!

"ಹ್ವಾಯ್ ಮಾಸ್ಟ್ರೆ, ಒಂಚೂರ್ ನಿಲ್ಲಿ" ಅಂದೆ. "ಇಷ್ಟ್ ಜನ್ರಲ್ಲಿ ನೀವ್ ಹೇಳ್ದಾಂಗೆ ಮಾಡಿದ್ದ್ ನಮ್ ಹುಡ್ಗಿ ಒಬ್ಳೇ. ಅವ್ಳನ್ನ್ ಮನಿಗ್ ಕಳ್ಸಿ ತಪ್ಪ್ ಮಾಡ್ದವ್ರನ್ನೆಲ್ಲ ಇಟ್ಕಂಬುದಾ? ಇದ್ ಯಾವ್ ಊರ್ ನ್ಯಾಯ?"

"ಏನ್ ಹೇಳಾಕತ್ತೀರಿ ಅಮ್ಮಾರ?"

"ನೀವ್ ಎಂತ ಕೂಗಿದ್ದ್ ಈಗ?"

"ಬಾಯೇಂ ಮುಡ್."

"ಹಾಂ, ಮೂಡ್. ಅದ್ಕಿಂತ ಮೊದ್ಲ್?"

"ದಾಹಿನೇ ಮುಡ್."

"ಅದೂ ಮೂಡೇ. ಅವ್ಳ್ ಯಾವ್ ಬದಿಗ್ ತಿರ್ಗಿದ್ಳ್?"

ಮಾಸ್ಟ್ರು ಗೋಳಿ ಮರದ ಕಡೆ ಕೈ ತೋರಿಸಿದರು. "ಅತ್ಲಾಗ."

"ಅದೇ ಮೂಡ್!" ಅಂದೆ. "ಸೂರ್ಯ ಹುಟ್ಟು ಬದಿ! ನೀವ್ ಎಷ್ಟ್ ಸಲ ಮೂಡ್ ಅಂದ್ರೂ ಅವ್ಳ್ ಮೂಡಕ್ಕೇ ತಿರ್ಗಿದ್ದ್. ಮೂಡಕ್ಕ್ ಮುಖ ಮಾಡಿ ನಿಂತವ್ಳಿಗೆ ಮತ್ತ್ ಮೂಡ್ ಅಂದ್ರೆ ಎಲ್ಲಿಗ್ ತಿರ್ಗುದ್? ಅದ್ಕೇ ಅಲ್ಲಾಡ್ಲಿಲ್ಲೆ. ಉಳ್ದವ್ರೆಲ್ಲ ತೆಂಕ್ ಬಡ್ಗ್ ತಿರ್ಗಿ ಸಾಯ್ತಾ ಇದ್ರೆ ಅದ್ಕ್ ಅವ್ಳ್ ಎಂತ ಮಾಡುದ್?"

ಬೆಲ್ಟು ಕಟ್ಟುತ್ತಿದ್ದ ರಿಕ್ಷಾದವ ತಲೆ ಎತ್ತಿ, "ಹೌದ್ ಮಾಸ್ಟ್ರೆ, ಸುರುಗೆ ನಂಗೂ ಹಾಂಗೇ ಕೇಂಡದ್ದ್. ನೀವ್ ಬೈತ್ರಿ ಅಂತ ಹೇಳ್ಲಿಲ್ಲೆ" ಅಂದ.

"ಮುಡ್ ಅಂದ್ರ ಹಿಂದಿಯೊಳಗ ತಿರುಗು ಅಂತ ಅರ್ಥ ರೀ!" ಮಾಸ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಹಾಂಗಾರ್ ತಿರುಗ್ ಅಂತ ಹೇಳಿ. ಹಿಂದಿಯಲ್ಲಿ ಎಂತ ಬೇಕಾರೂ ಇರ್ಲಿ. ಕುಂದಾಪ್ರದಲ್ಲಿ ಮೂಡ್ ಅಂದ್ರೆ ಮೂಡೇ."

ಮಾಸ್ಟ್ರು ನನ್ನನ್ನು ನೋಡಿದರು, ಮರವನ್ನು ನೋಡಿದರು, ಮೋಡ ಮುಚ್ಚಿದ ಆಕಾಶವನ್ನು ನೋಡಿದರು. ಆಮೇಲೆ ಸಾಲಿಗೆ ತಿರುಗಿ, "ಎಲ್ರೂ ಕಣ್ಣು ಮುಚ್ರಿ. ಮೂಡ್ ಯಾವ ಕಡೆ? ಕೈ ಮಾಡ್ರಿ" ಅಂದರು. ಎಲ್ಲರ ಕೈಯೂ ಗೋಳಿ ಮರಕ್ಕೆ. ಒಂದು ಕೈ ಕೂಡ ಆಚೀಚೆ ಇಲ್ಲ. ಮೀಸೆಯ ತುದಿ ನಡುಗಲಿಕ್ಕೆ ಶುರುವಾಯಿತು. ಸಿಟ್ಟೋ ಅಂತ ನೋಡಿದರೆ ನಗು. ಆ ಮನುಷ್ಯ ಬಯಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕರು. "ನಾ ಎಡಕ್ಕ ಅಂದ್ರೂ ಮೂಡ್, ಬಲಕ್ಕ ಅಂದ್ರೂ ಮೂಡ್! ಹಂಗಾರ ಈ ಹುಡುಗಿ ಒಂದ್ ಸಲಾನೂ ತಪ್ಪಿಲ್ಲ!"

"ಒಂದ್ ಸಲವೂ ಇಲ್ಲೆ" ಅಂದೆ. ಯಾಕೆ ತಪ್ಪುತ್ತಾಳೆ? ಅರ್ಥವಾಗದ ಮಾತಿನಲ್ಲಿ ನಮ್ಮ ಮಾತು ಹುಡುಕುವ ವಿದ್ಯೆ ನನ್ನ ಜಗಲಿಯಲ್ಲೇ ಕಲಿತವಳು.

ನಗು ಮುಗಿದ ಮೇಲೆ ಮಾಸ್ಟ್ರು ಮತ್ತೆ ಮಾಸ್ಟ್ರೇ ಆದರು. "ಆದ್ರ ಅಮ್ಮಾರ, ಕಡೀ ದಿನ ದೊಡ್ಡ ಸಾಹೇಬ್ರು ಬರತಾರ. ಅವರ ಮುಂದ ಸೂರ್ಯನ ಕಡೆ ತಿರಗಿದ್ಲಂದ್ರ ನಾ ಉಳಿಸಿಕೊಳ್ಳಾಕ ಆಗೂದಿಲ್ಲ."

"ಅಲ್ಲಿವರಿಗ್ ಇಟ್ಕಣಿ. ತಿರ್ಗುದ್ ನಾ ಕಲ್ಸ್ತೆ."

ಕಲಿಸಿದೆ ಕೂಡ. ಕೋಡಿಯ ಕಡಲತಡಿಯ ಹೊಯಿಗೆಯ ಮೇಲೆ, ದಿನಾ ಸಂಜೆ. ದಾಹಿನೇ ಅಂದರೆ ಬಲ, ಬಾಯೇಂ ಅಂದರೆ ಎಡ ಅಂತ ಮಾಸ್ಟ್ರು ಹೇಳಿಕೊಟ್ಟಿದ್ದರು. ಆದರೆ ಎಡ ಬಲವೇ ನಮಗೆ ಪರದೇಶದ ಮಾತು. ಸುಮಿ ನಿಂತು ಯೋಚಿಸುವಷ್ಟರಲ್ಲಿ ಒಂದು ಅಲೆ ಬಂದು ಹೋಗುತ್ತಿತ್ತು. ಕಡೆಗೆ ನಾನು, "ದಾಹಿನೇ ಅಂದ್ರೆ ಉಂಬು ಕೈ. ಉಂಬು ಕೈ ಬದಿಗ್ ತಿರುಗ್. ಮತ್ತೊಂದಕ್ಕೆ ಮತ್ತೊಂದ್" ಅಂದೆ. ಉಣ್ಣುವ ಕೈ ಯಾವುದು ಅಂತ ಯೋಚಿಸಿ ಉಣ್ಣುವವರು ಯಾರಿದ್ದಾರೆ? ಅಲ್ಲಿಂದ ಮುಂದೆ ದಾರಿ ಸಿಕ್ಕಿತು.

ಪದ್ದಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು. "ಎಂತ, ಸಿನಿಮಾ ಸುರು ಆಯ್ತಾ?"

"ಆಯ್ತ್. ಬಾ, ನಿಂಗೂ ಪಾರ್ಟ್ ಇತ್ತ್. ಹಿಂದ್ ನಿಲ್ಲ್" ಅಂದೆ. ಬೈಯುತ್ತಲೇ ಬಂದು ನಿಂತಳು. ನಾನು ತಂಡೇಲನ ಗಂಟಲಲ್ಲಿ ಕೂಗಿದೆ. ಸುಮಿ ಸರಿ ತಿರುಗಿದಳು. ಪದ್ದಕ್ಕ ಮೂಡಕ್ಕೆ ತಿರುಗಿದಳು! ಮತ್ತೆ ಹೇಳಿದೆ, ಮತ್ತೆ ಮೂಡಕ್ಕೇ. "ನಿನ್ನ್ ಹಿಂದಿಗ್ ಬೆಂಕಿ ಬೀಳ್ಲಿ" ಅಂತ ಹೇಳಿ, ಮರುದಿನ ನನಗಿಂತ ಮೊದಲು ಬಂದು ಹೊಯಿಗೆಯಲ್ಲಿ ನಿಂತಿದ್ದಳು.

ಕಡೆಯ ದಿನ ದೊಡ್ಡ ಸಾಹೇಬರು ಬಂದರು. ಶಾಮಿಯಾನ, ಕುರ್ಚಿ, ಮೈಕು. ನಾನು ಮೀನಿನ ವಾಸನೆಯ ಸೀರೆಯಲ್ಲೇ ಮುಂದಿನ ಸಾಲಿನಲ್ಲಿ ಕೂತೆ. ಯಾರೋ ಹಿಂದೆ ಕೂರಲಿಕ್ಕೆ ಹೇಳಿದರು, ಕೇಳಿಸದವಳ ಹಾಗೆ ಕೂತೆ. ಮಾಸ್ಟ್ರು ಎದೆ ಉಬ್ಬಿಸಿ, "ಬಾಯೇಂ..." ಅಂದರು. ಎಳೆದರು. ಸುಮಿಯ ಉಂಬು ಕೈಯ ಬೆರಳು ತುತ್ತು ಕಲಸುವ ಹಾಗೆ ಒಂಚೂರು ಮಡಚಿದ್ದು ನನಗೆ ಕಂಡಿತು. "ಮುಡ್!" ಆ ಕೈಯನ್ನು ಬಿಟ್ಟು, ಇನ್ನೊಂದು ಬದಿಗೆ, ಕಂಬ ತಿರುಗಿದ ಹಾಗೆ ತಿರುಗಿದಳು. ಅವಳ ಹಿಂದೆ ರಿಕ್ಷಾದವ, ಹೊಲಿಗೆಯವಳು, ಇಡೀ ಸಾಲು. ಒಂದೇ ಬೂಟಿನ ಸದ್ದು. ಮಾಸ್ಟ್ರು ಮೀಸೆಯ ಅಡಿಯಲ್ಲಿ ನನ್ನ ಕಡೆ ನೋಡಿದರು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಅದು ಸಿನಿಮಾದಲ್ಲಿ ಮಾತ್ರ ಆಗುವುದು ಅಂತ ಹೇಳುವವರಿದ್ದಾರೆ. ಹೇಳಲಿ. ನಗುವವರೂ ಇದ್ದಾರೆ, ನಗಲಿ. ನಮ್ಮನ್ನು ನಗಿಸುವುದು ಬಿಟ್ಟು ನಮ್ಮನ್ನು ನೋಡಿ ನಗುವುದೇ ಕೆಲಸವಾದವರ ಹತ್ತಿರ ನನಗೇನು ಮಾತು? ಕೈಲಾಗದವರು ಅಂತ ಯಾರನ್ನೂ ದೇವರು ಪೊಟ್ಟಣ ಕಟ್ಟಿ ಕಳಿಸುವುದಿಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಸುಮಿಯ ಮೊದಲ ಡ್ಯೂಟಿ ತೆಕ್ಕಟ್ಟೆಯ ಹೆದ್ದಾರಿಯಲ್ಲಿ ಬಿತ್ತು. ವಾಹನ ನಿಲ್ಲಿಸಿ ಜನರನ್ನು ದಾಟಿಸುವ ಕೆಲಸ. ಆ ದಿನ ನಾನು ಬೂತಾಯಿ ಮೀನು ಹೊತ್ತು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಬೇರೆ ದಿನಗಳಲ್ಲಿ ಆ ರಸ್ತೆ ದಾಟುವುದೆಂದರೆ ಜೀವ ಕೈಯಲ್ಲಿ ಹಿಡಿದು ಓಡುವುದು. ಸುಮಿ ರಸ್ತೆಯ ನಡುವೆ ನಿಂತು ಕೈ ಎತ್ತಿದಳು. ಎಂಥ ಉದ್ದ ಕೈ! ಅಷ್ಟು ದೂರದ ಲಾರಿಗೂ ಕಂಡಿರಬೇಕು, ಬುಸ್ಸಂತ ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು.

"ಬೇಗ ದಾಟ್ ಅಮ್ಮಮ್ಮ, ಲೈನ್ ಉದ್ದ ಆತಿತ್ತ್" ಅಂದಳು, ನನ್ನನ್ನು ನೋಡದೆ, ನೆಟ್ಟಗೆ ನಿಂತು.

ನಾನು ಹೊರಟೆ. ಅರ್ಧ ರಸ್ತೆಗೆ ಬಂದು ನಿಂತೆ. ತಲೆಯ ಮೇಲಿನ ಸಿಂಬಿ ಸ್ವಲ್ಪ ಜಾರಿತ್ತು. ಹೆಚ್ಚೇನೂ ಜಾರಿರಲಿಲ್ಲ. ಬುಟ್ಟಿ ಇಳಿಸಿ, ಸಿಂಬಿಯನ್ನು ಬಿಚ್ಚಿ ಕೊಡವಿ, ಮೊದಲಿಂದ ಸುತ್ತಲಿಕ್ಕೆ ಶುರು ಮಾಡಿದೆ.

ಬಸ್ಸಿನ ಡ್ರೈವರ್ ಹಾರನ್ನು ಒತ್ತಿ, ತಲೆ ಹೊರಗೆ ಹಾಕಿದ. "ಹ್ವಾಯ್ ಅಜ್ಜಿ, ರಸ್ತಿ ನಿಮ್ದಾ? ನಡೀನಿ ಮಾರಾಯ್ತಿ!"

"ನಿಲ್ಲಾ!" ಅಂದೆ. "ಹುಡ್ಗಿ ಕೈ ಇನ್ನೂ ಇಳಿಲಿಲ್ಲೆ, ಕಾಣ್ತಿಲ್ಯಾ?"